ಕೌದಿ ಹೊದ್ದ ಕಾರು

ಬಸಂತರಾಯರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಇಂಡಿ ಪೇಟೆಯಲ್ಲಿ ಅಪ್ಪನ ಕಾಲದಿಂದ ನಡೆದು ಬಂದ ಬಟ್ಟೆ ಅಂಗಡಿ, ಐವತ್ತು ದಾಟಿದ ವಯಸ್ಸು, ಹಣೆ ತುಂಬ ವಿಭೂತಿ, ಓಡಾಡಲು ಒಂದು ಲೂನಾ. ಆ ಲೂನಾದ ಮೇಲೂ ಅವರು ಎರಡೂ ಕಾಲು ನೆಲಕ್ಕೆ ಸವರುವ ಹಾಗೆ ಇಳಿಬಿಟ್ಟುಕೊಂಡು, ಬಿದ್ದರೆ ಹೇಗೆ ಎಂದು ಯೋಚಿಸುತ್ತಲೇ ಹೋಗುತ್ತಿದ್ದರು. ಅಂಥವರು ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಶಟರ್ ಅರ್ಧ ಎಳೆದು, ಹಿಂದಿನ ಕೋಣೆಗೆ ಹೋಗಿ, ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ ಕಂಪ್ಯೂಟರ್ ಮುಂದೆ ಕೂತರೆಂದರೆ, ಯಾವುದೋ ಪರದೇಶದ ಊರಿನ ಹಸಿ ರಸ್ತೆಯಲ್ಲಿ ಕೆಂಪು ಕಾರನ್ನು ಹಿಂದೆ ಮುಂದೆ ನೋಡದೆ ಓಡಿಸುತ್ತಿದ್ದರು.

ಕಂಪ್ಯೂಟರ್ ತಂದದ್ದು ಅಂಗಡಿಯ ಬಿಲ್ಲಿಗೆಂದು. ಅದರೊಳಗೆ ಒಂದು ಕಾರಿನ ಆಟ ಮೊದಲೇ ಕೂತಿತ್ತು. ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಬೇಸರಕ್ಕೆ ಒತ್ತಿ ನೋಡಿದರು, ಅಲ್ಲಿಗೆ ಕೆಲಸ ಕೆಟ್ಟಿತು. ಅವರ ಬಾಳಿನಲ್ಲಿ ಎಲ್ಲವೂ ಸಾವಕಾಶವಾಗಿಯೇ ಬಂದಿತ್ತು. ಮದುವೆ ಸಾವಕಾಶ, ಮಗಳು ಸಾವಕಾಶ, ವ್ಯಾಪಾರವಂತೂ ಹೇಳುವುದೇ ಬೇಡ. ಈ ಕಾರೊಂದೇ ಬೆರಳು ಒತ್ತಿದ ಕೂಡಲೇ ಮುನ್ನುಗ್ಗುತ್ತಿತ್ತು. ಅದರೊಳಗೆ ಕೂತಾಗ ಅವರು ಯಾರ ಹಿರಿಯರೂ ಅಲ್ಲ, ಯಾರಿಗೂ ಬುದ್ಧಿ ಹೇಳಬೇಕಾಗಿರಲಿಲ್ಲ.

ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಎಂದು ನೀವು ಕೇಳಬಹುದು. ಇದೆ. ಅಂಗಡಿಯ ಎದುರಿಗೇ ಬಂದೇನವಾಜನ ಸೈಬರ್ ಕೆಫೆ ಇತ್ತು. ಕಾಲೇಜು ಹುಡುಗರು ಅಲ್ಲಿ ಕೂತು ಆಟ ಆಡುತ್ತಿದ್ದರು. ಎರಡು ವರ್ಷದ ಹಿಂದೆ ಓಣಿಯ ಹಿರಿಯರನ್ನೆಲ್ಲ ಕೂಡಿಸಿಕೊಂಡು, ಮುಂದೆ ನಿಂತು, ಆ ಕೆಫೆಯ ಬಾಗಿಲಲ್ಲಿ ಗದ್ದಲ ಮಾಡಿದವರು ಇದೇ ಬಸಂತರಾಯರು. "ಈ ಆಟದ ಹುಚ್ಚು ಹಿಡದ್ರ ಮನಶ್ಯಾ ಸುಳ್ಳಾ ಆಗ್ತಾನ, ಕಳ್ಳಾ ಆಗ್ತಾನ. ಹುಡುಗ್ರು ಕೆಟ್ಟು ಕೆರಾ ಹಿಡ್ಯಾಕತ್ತಾರ, ಬಂದ್ ಮಾಡ್ಸು," ಎಂದು ಎಲ್ಲರ ಮುಂದೆ ಬೆರಳು ತೋರಿಸಿ ಹೇಳಿದ್ದರು. ಬಂದೇನವಾಜ ಸಭ್ಯ, ಆಟಗಳನ್ನು ತೆಗೆಸಿಬಿಟ್ಟ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು. ಆದ್ದರಿಂದ ಬಸಂತರಾಯರ ಆಟ ಹೆಂಡತಿ ರಾಜೇಶ್ವರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಗಂಡ ಲೆಕ್ಕ ಬರೆಯುತ್ತಾನೆ ಎಂದೇ ಆಕೆ ತಿಳಿದಿದ್ದಳು.

ಎರಡು ಸಾವಿರದ ಐದನೇ ಇಸವಿಯ ಬೇಸಿಗೆಯಲ್ಲಿ, ಮಾಲು ತರಲು ಸೋಲಾಪುರಕ್ಕೆ ಹೋದಾಗ, ಬಸಂತರಾಯರು ರಸ್ತೆಬದಿಯಲ್ಲಿ ಹೊಸ ಕಾರಿನ ಆಟದ ಸೀಡಿಯೊಂದನ್ನು ಕೊಂಡರು. ಮೊಮ್ಮಗನಿಗೆ ಬೇಕು ಎಂದು ಮಾರುವವನಿಗೆ ಹೇಳಿದರು. ಮೊಮ್ಮಗ ಇನ್ನೂ ಹುಟ್ಟಿರಲಿಲ್ಲ. ಅಂಗಡಿಗೆ ತಂದು ಹಾಕಿದರೆ ಆಟ ಶುರುವಾಗಲೇ ಇಲ್ಲ, ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು ಎಂದು ಕಂಪ್ಯೂಟರ್ ಕೈ ಎತ್ತಿತು. ಆಗ ನೆನಪಾದವನು ಅಳಿಯ.

ಅಳಿಯ ಸಂಗಮೇಶ ಬಸವನ ಬಾಗೇವಾಡಿಯಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ. ಕಂಪ್ಯೂಟರ್ ಜೋಡಿಸಿಯೂ ಕೊಡುತ್ತಿದ್ದ. ಮಾತು ಕಡಿಮೆ, ಕೆಲಸ ಚೊಕ್ಕ. ಮಗಳು ಭಾಗ್ಯಜ್ಯೋತಿಯನ್ನು ಕೊಟ್ಟು ಎರಡು ವರ್ಷವಾಗಿತ್ತು. ಬಸಂತರಾಯರು ಅಳಿಯನಿಗೆ ಫೋನ್ ಮಾಡಿ, "ಸೂರತ್‌ನವ್ರು ಸೀರಿ ಡಿಜೈನ್ ಎಲ್ಲಾ ಸೀಡಿಯಾಗ ಕಳಸ್ತಾರ್ರಿ. ನಮ್ಮ ಕಂಪ್ಯೂಟರ್ನ್ಯಾಗ ಬಣ್ಣಾ ಸರಿಯಾಗಿ ಕಾಣವಲ್ದು," ಎಂದರು. ಸಂಗಮೇಶ ನಂಬಿದ. ನಂಬದೆ ಏನು ಮಾಡಿಯಾನು, ಮಾವ ಹೇಳಿದ ಮಾತು. ಸೋಲಾಪುರದಲ್ಲಿ ತನ್ನ ಜತೆ ಕಲಿತ ಗೆಳೆಯನ ಅಂಗಡಿಯಿಂದ ಒಳ್ಳೆಯ ಕಾರ್ಡ್ ಆರಿಸಿ ತಂದು, ತಾನೇ ಇಂಡಿಗೆ ಬಂದು ಹಾಕಿ, ಮಾವನ ಮನೆಯ ಚಹಾ ಕುಡಿದು, ಸಂಜೆ ಬಸ್ಸಿಗೆ ಹೋದ.

ಮರುದಿನ ಮಧ್ಯಾಹ್ನ ಬಸಂತರಾಯರು ಆಟ ಹಾಕಿದರು. ಮಳೆ ಬಿದ್ದ ರಸ್ತೆಯ ಮೇಲೆ ದೀಪಗಳ ಬಿಂಬ ಅಲ್ಲಾಡುವುದೂ ಕಾಣಿಸಿತು. ಕಾರು ಕುದುರೆಯ ಹಾಗೆ ಕೆನೆದು ಓಡಿತು. ಆದರೆ ಒಂದು ತೊಡಕು. ಹೊಸ ಕಾರ್ಡಿಗೆ ತನ್ನದೇ ಒಂದು ಫ್ಯಾನ್ ಇತ್ತು, ಆಟ ಜೋರಾದ ಹಾಗೆ ಅದು ಗಿರಣಿಯ ಹಾಗೆ ಗುಂಯ್‌ಗುಟ್ಟಿತು. ಹೊರಗೆ ಅಂಗಡಿಯ ಆಳು ಎದ್ದು ಬಂದು, "ಏನ್ರೀ ಅದು ಸಪ್ಪಳಾ?" ಎಂದು ಕೇಳಿದ. ಬಸಂತರಾಯರು ಗಡಬಡಿಸಿ ಆಟ ಬಂದ್ ಮಾಡಿದರು. ಬಿಲ್ಲು ಬರೆಯುವ ಯಂತ್ರ ಹೀಗೆ ಒದರುವುದಿಲ್ಲ ಎಂದು ಇವತ್ತಲ್ಲ ನಾಳೆ ಯಾರಿಗಾದರೂ ಹೊಳೆಯುತ್ತದೆ.

ಕೋಣೆಯ ಟ್ರಂಕಿನ ಮೇಲೆ ಅವರ ತಾಯಿ ಹೊಲಿದ ಹಳೆಯ ಕೌದಿ ಮಡಚಿ ಇಟ್ಟಿತ್ತು. ಹರಿದ ಧೋತರ, ಇಳಕಲ್ ಸೀರೆಯ ತುಂಡು, ಲಂಗದ ಬಟ್ಟೆ, ಎಲ್ಲ ಪದರ ಪದರವಾಗಿ ಕೂಡಿಸಿ ಒತ್ತೊತ್ತಾಗಿ ಹೊಲಿಗೆ ಹಾಕಿದ್ದು, ಎತ್ತಿದರೆ ಮಗುವಿನಷ್ಟು ಭಾರ. ಅದನ್ನು ಎರಡು ಸುತ್ತು ಮಾಡಿ ಸಿಪಿಯು ಡಬ್ಬಿಗೆ ಹೊದಿಸಿದರು, ಹಿಂದೆ ಗೋಡೆಗೂ ಒತ್ತರಿಸಿದರು. ಸಪ್ಪಳ ಅಡಗಿತು. ಚಳಿಗಾಲದಲ್ಲಿ ಕೂಸಿಗೆ ಹೊದಿಸಿದ ಹಾಗೆ ಕಂಡಿತು. ಬಸಂತರಾಯರಿಗೆ ತಮ್ಮ ಬುದ್ಧಿಯ ಬಗ್ಗೆ ಸಂತೋಷವೇ ಆಯಿತು.

ಅಂದಿನಿಂದ ಕಾರು ಕೆಟ್ಟಿತು. ಮೊದಲು ನಾಲ್ಕು ತಿರುವು ಚೆನ್ನಾಗಿ ಓಡುವುದು, ಆಮೇಲೆ ಕೆಸರಿಗೆ ಸಿಕ್ಕ ಚಕ್ಕಡಿಯ ಹಾಗೆ ತಡೆದು ತಡೆದು ಹೋಗುವುದು. ಹಳೆಯ ಆಟ ಹಳೆಯ ಕಾರ್ಡಿನಲ್ಲಿ ಇದಕ್ಕಿಂತ ಲೇಸಾಗಿ ಓಡಿತ್ತು. ಬಸಂತರಾಯರು ಸೀಡಿ ತೊಳೆದರು, ಆಟ ತೆಗೆದು ಮತ್ತೆ ಹಾಕಿದರು, ಕಾರ್ಡಿನ ಜೊತೆ ಬಂದ ಡ್ರೈವರ್ ಸೀಡಿಯನ್ನೂ ಮತ್ತೆ ಹಾಕಿದರು, ಕರೆಂಟಿನ ದೋಷವಿರಬಹುದೆಂದು ಪ್ಲಗ್ ಬೇರೆ ಕಡೆ ಚುಚ್ಚಿದರು. ಪ್ರತಿ ಸಲವೂ ಕೌದಿ ಸರಿಸಿ, ಕೆಲಸ ಮುಗಿದ ಮೇಲೆ ಮತ್ತೆ ಮುತುವರ್ಜಿಯಿಂದ ಹೊದಿಸುತ್ತಿದ್ದರು.

ಕೊನೆಗೆ ತಾವೇ ಬಾಯಿ ಮುಚ್ಚಿಸಿದ್ದ ಬಂದೇನವಾಜನ ಬಳಿ ಹೋದರು. "ನನ್ನ ಪೈಕಿ ಒಬ್ರದು ಹಿಂಗಾಗೈತಪಾ," ಎಂದು ಶುರುಮಾಡಿ, ಪರರ ಕಥೆಯ ಹಾಗೆ, ಕೌದಿಯೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದರು. ಬಂದೇನವಾಜ ಗಲ್ಲ ಕೆರೆದುಕೊಂಡು, "ಹೊಸಾ ಕಾರ್ಡ್ ಜರಾ ಹೊತ್ತು ಓಡಿ ಮಲಗ್ತೈತಿ ಅಂದ್ರ ಒಂದೋ ಅದು ಹಳೇ ಮಾಲು ಇರ್ಬೇಕ್ರಿ ಸಾವ್ಕಾರ್ರ, ಇಲ್ಲಾ ಅದಕ್ಕ ಗಾಳಿ ಸಿಗವಲ್ದು," ಎಂದ. ಗಾಳಿಯ ಮಾತನ್ನು ಬಸಂತರಾಯರು ಅಲ್ಲೇ ಬಿಟ್ಟರು. ಕೋಣೆಯಲ್ಲಿ ಕಂಪ್ಯೂಟರಿನ ತಲೆಯ ಮೇಲೇ ಸೀಲಿಂಗ್ ಫ್ಯಾನ್ ತಿರುಗುತ್ತಿತ್ತು, ಗಾಳಿಗೇನು ಬರ? ಉಳಿದದ್ದು ಮೊದಲನೇ ಮಾತು. ಹಳೇ ಮಾಲು.

ಅಳಿಯನನ್ನು ಒಮ್ಮೆ ಕರೆಸಿದರು ಕೂಡ. ಅವನು ಬರುವ ಮುಂಚೆ ಕೌದಿ ತೆಗೆದು ಟ್ರಂಕಿನ ಮೇಲಿಟ್ಟರು, ಆಟವನ್ನು ಅಳಿಸಿಹಾಕಿದರು. ಸಂಗಮೇಶ ಕೂತು ಸೀರೆಯ ಚಿತ್ರಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದ. "ಎಲ್ಲಾ ಬರೋಬರಿ ಅದಾವಲ್ರೀ ಮಾವಾರ. ಏನ್ ಮಾಡೂ ಮುಂದ ತ್ರಾಸ ಆಗ್ತೈತಿ?" ಎಂದು ಕೇಳಿದ. ಹೇಳುವುದು ಹೇಗೆ? "ಹಂಗ... ಒಟ್ಟ ಸಾವಕಾಶ ಆಗೈತ್ರಿ," ಎಂದರು. ಹೊಟ್ಟೆನೋವಿಗೆ ತಲೆನೋವೆಂದು ಹೇಳಿದರೆ ಯಾವ ವೈದ್ಯ ಏನು ಕೊಟ್ಟಾನು? ಅವನು ಧೂಳು ಊದಿ, ತಿರುಪು ಬಿಗಿ ಮಾಡಿ ಹೋದ. ತಪ್ಪಿಲ್ಲ ಎಂದು ಅವನು ಹೇಳಿದ್ದೇ ಬಸಂತರಾಯರಿಗೆ ತಪ್ಪಿನ ಗುರುತಾಗಿ ಕಂಡಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಇವರು ಅಳಿಯನೇ ಡೊಂಕು ಎಂದುಕೊಂಡರು.

ನಾಗರಪಂಚಮಿಗೆ ಭಾಗ್ಯಜ್ಯೋತಿ ತವರಿಗೆ ಬಂದಳು. ಉಂಡಿ ಕಟ್ಟಿದ್ದಾಯಿತು, ಜೋಕಾಲಿ ಆಡಿದ್ದಾಯಿತು. ಹಬ್ಬ ಮುಗಿದ ಮೇಲೆ ಕರೆದೊಯ್ಯಲು ಸಂಗಮೇಶ ಬಂದ. ಅಳಿಯ ಬಂದಿದ್ದಾನೆಂದು ಓಣಿಯ ನಾಲ್ಕು ಮಂದಿ ಹಿರಿಯರನ್ನೂ ಊಟಕ್ಕೆ ಕರೆದಿದ್ದರು. ಅವರಲ್ಲಿ ಬಸಂತರಾಯರ ಬಹಳ ದಿನದ ಗಿರಾಕಿ ಮಾಳಿಂಗಪ್ಪನೂ ಇದ್ದ. ಊಟದ ನಡುವೆ ಮಾಳಿಂಗಪ್ಪ, "ನಮ್ಮ ಸೊಸೈಟಿಗೊಂದು ಕಂಪ್ಯೂಟರ್ ತಗೋಬೇಕಂತೇವ್ರಿ. ಸಾವ್ಕಾರ್ರ ಅಳಿಯಂದ್ರು ಇರೂ ಮುಂದ ನಾವ್ಯಾಕ ಬ್ಯಾರೆ ಕಡೆ ಹೋಗೂಣು," ಎಂದ.

ಬಸಂತರಾಯರ ಬಾಯಲ್ಲಿ ಕಡಬಿತ್ತು. ಅದು ಹಾಗೇ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ನುಂಗಿದರು, ನಕ್ಕರು, "ನೋಡಿ ತಗೋಪಾ ಮಾಳಿಂಗಪ್ಪ. ನಮಗಂತೂ ಅಳಿಯಂದ್ರು ಹಳೇ ಮಾಲು ಹೊಸಾದಂತ ಹಚ್ಯಾರ. ಮನಿಯಾವ್ರಿಗೇ ಹಂಗಂದ್ರ ಹೊರಗಿನವ್ರಿಗೆ ಹೆಂಗೋ," ಎಂದರು.

ಚಾಷ್ಟಿಯ ಹಾಗೆ, ನಗೆಯಾಡಿ ಹೇಳಿದ ಮಾತು. ಆದರೆ ಅದು ಚಾಷ್ಟಿಯಲ್ಲ ಎಂದು ಕೂತವರಿಗೆಲ್ಲ ತಿಳಿಯಿತು. ಅಡುಗೆಮನೆಯಲ್ಲಿ ರಾಜೇಶ್ವರಿಯ ಕೈಯ ಸೌಟು ನಿಂತಿತು. ಸಂಗಮೇಶ ತಲೆ ಎತ್ತಲಿಲ್ಲ. ತಾಟಿನಲ್ಲಿದ್ದದ್ದನ್ನು ಒಂದಗುಳೂ ಬಿಡದೆ ಉಂಡ. ನೀರು ಹಾಕಿ ತಾಟು ತೊಳೆದು, ಮನೆತನದ ಪದ್ಧತಿಯಂತೆ ಆ ನೀರನ್ನೂ ಕುಡಿದ. ಪ್ರಸಾದಕ್ಕೆ ಅಪಚಾರ ಮಾಡದೆ ಎದ್ದು, ಕೈ ಒರೆಸಿಕೊಂಡು, ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ "ನಡಿ" ಎಂದ.

ಭಾಗ್ಯಜ್ಯೋತಿ ಚೀಲ ತಗೊಂಡು ಹೊಸ್ತಿಲಲ್ಲಿ ನಿಂತಳು. "ಅಪ್ಪಾ, ಅವರ್ನ ಕಳ್ಳ ಅಂದ ಮನಿಗೆ ನಾ ಇನ್ನ ಯಾವ ಮಾರಿ ಹೊತ್ತು ಬರ್ಲಿ?" ಎಂದು ಮೆಲ್ಲಗೆ ಕೇಳಿದಳು. ಅಷ್ಟು ಹೇಳಿ ಹೋದಳು. ತಾಯಿ ಕಟ್ಟಿಕೊಟ್ಟ ಉಂಡಿಯ ಡಬ್ಬಿ ಕಟ್ಟೆಯ ಮೇಲೆಯೇ ಉಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗಿರಾಕಿಗಳಿಗೆ ಹೇಳುತ್ತಿದ್ದ ಬಸಂತರಾಯರು ಆ ಡಬ್ಬಿಯನ್ನು ಎತ್ತಿ ಒಳಗಿಟ್ಟರು.

ಶ್ರಾವಣ ಹೋಯಿತು, ಗಣಪತಿ ಹೋಯಿತು. ಮಗಳ ಫೋನು ಬರಲಿಲ್ಲ. ರಾಜೇಶ್ವರಿ ಗಂಡನ ಜೊತೆ ಬೇಕಾದಷ್ಟೇ ಮಾತಾಡಿದಳು. ಮಾಳಿಂಗಪ್ಪ ಸೊಸೈಟಿಯ ಕಂಪ್ಯೂಟರನ್ನು ವಿಜಾಪುರದ ಬೇರೆ ಅಂಗಡಿಯಿಂದ ತರಿಸಿದ. ಪೇಟೆಯಲ್ಲಿ ಅಳಿಯನ ಹೆಸರು ಬಂದಾಗೆಲ್ಲ ಜನ ಒಂದು ಥರ ಕೆಮ್ಮುತ್ತಿದ್ದರು. ಬಸಂತರಾಯರು ಮೊದಮೊದಲು ತಮ್ಮದೇ ಸರಿ ಎಂದು ಗಟ್ಟಿಯಾಗಿದ್ದರು. ನಾಚಿಕೆಗೇಡಿನ ಮಾತೆಂದರೆ, ಆಟವನ್ನು ಮತ್ತೆ ಹಾಕಿಕೊಂಡಿದ್ದರು. ತಡೆದು ತಡೆದು ಓಡುವ ಕಾರನ್ನೇ ಆಡುತ್ತಿದ್ದರು, ಪ್ರತಿ ತಿರುವಿನಲ್ಲೂ ಅಳಿಯನನ್ನು ಬೈಯುತ್ತಿದ್ದರು.

ಮಹಾನವಮಿ ಬಂತು. ಆ ಸೀಮೆಯಲ್ಲಿ ಘಟ್ಟ ಹಾಕಿ ದೇವಿಯನ್ನು ಕೂಡಿಸುವ ಮುಂಚೆ ಮನೆಯ ಹಾಸಿಗೆ ಹೊದಿಕೆ ಎಲ್ಲ ಒಗೆಯಬೇಕು, ಒಂದು ಚಿಂದಿಯೂ ಮೈಲಿಗೆ ಉಳಿಯಬಾರದು. ರಾಜೇಶ್ವರಿ ಜಮಖಾನೆ, ದುಪ್ಪಟಿ, ಕೌದಿ ಎಲ್ಲ ಗಂಟು ಕಟ್ಟಿ ಚಕ್ಕಡಿಗೆ ಹೇರಿಸಿದಳು. ಅಂಗಡಿಯ ಹಿಂದಿನ ಕೋಣೆಗೂ ಬಂದಳು. ಡಬ್ಬಿಗೆ ಸುತ್ತಿದ್ದ ಅತ್ತೆಯ ಕೌದಿಯನ್ನು ಕಂಡು, "ಇದನ್ಯಾಕ ಇಲ್ಲಿ ಸುತ್ತೀರಿ?" ಎಂದಳು. ಬಹಳ ದಿನದ ಮೇಲೆ ಆಕೆ ಕೇಳಿದ ಮೊದಲ ಪ್ರಶ್ನೆ ಅದು. "ಧೂಳ ಬೀಳ್ತೈತಿ ಅಂತ," ಎಂದು ಬಸಂತರಾಯರು ಸುಳ್ಳು ಹೇಳಿದರು. ಆಕೆ ಕೌದಿ ಎಳೆದುಕೊಂಡು ಹಳ್ಳಕ್ಕೆ ಹೋದಳು. ಆಳೂ ಗಂಟು ಹೊರಲು ಜೊತೆಗೆ ಹೋದ.

ಅಂಗಡಿಯಲ್ಲಿ ಯಾರೂ ಇಲ್ಲ. ಸಪ್ಪಳವಾದರೂ ಕೇಳುವವರಿಲ್ಲ. ಬಸಂತರಾಯರು ಆಟಕ್ಕೆ ಕೂತರು. ಫ್ಯಾನ್ ಗುಂಯ್‌ಗುಟ್ಟಿತು. ನಾಲ್ಕು ತಿರುವು ಕಳೆಯಿತು, ಇನ್ನು ಕಾರು ತೊಡರುತ್ತದೆ ಎಂದು ಹಲ್ಲು ಕಚ್ಚಿದರು. ತೊಡರಲಿಲ್ಲ. ಸೇತುವೆ ದಾಟಿತು, ಸುರಂಗ ದಾಟಿತು, ಮುಂದಿದ್ದ ಕಾರುಗಳನ್ನೆಲ್ಲ ಹಿಂದೆ ಹಾಕಿತು. ಅವರಿಗರಿವಿಲ್ಲದೆ ಬಾಯಿಂದ "ಹೋಯ್" ಎಂಬ ಸದ್ದು ಹೊರಬಿತ್ತು. ಆ ರಸ್ತೆಯ ಕೊನೆಯನ್ನು ಅವರು ನೋಡಿದ್ದು ಅದೇ ಮೊದಲು. ಪರದೆಯ ಮೇಲೆ ಪಟಾಕಿ ಹಾರಿದವು.

ಆಮೇಲೆ ಅವರ ಕಣ್ಣು ಕೆಳಗೆ ಹೋಯಿತು. ಬರಿಮೈಯಲ್ಲಿ ನಿಂತಿದ್ದ ಡಬ್ಬಿಯ ಹಿಂದಿನ ಜಾಳಿಗೆಯಲ್ಲಿ ಕೌದಿಯ ನೂಲಿನ ಎಳೆಗಳು ಅಂಟಿ ಕೂತಿದ್ದವು. ಕೈ ಒಡ್ಡಿದರು. ಬಿಸಿ ಗಾಳಿ ಭರ್ ಎಂದು ಹೊರಗೆ ಬರುತ್ತಿತ್ತು. ಗಾಳಿ ಸಿಗವಲ್ದು ಎಂದಿದ್ದ ಬಂದೇನವಾಜ. ಬೇಕಾದದ್ದು ಕೋಣೆಗೆ ಗಾಳಿಯಲ್ಲ, ಡಬ್ಬಿಗೆ ಗಾಳಿ. ಅದರ ಮೂಗು ಬಾಯಿ ಮುಚ್ಚಿ ಹೊದಿಸಿದವರು ಅಳಿಯನಲ್ಲ, ಸೋಲಾಪುರದವರಲ್ಲ. ಮೈ ಬಿಸಿಯೇರಿದ ಯಂತ್ರ ಜೀವ ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತಿತ್ತು.

ಆದರೂ ಮನುಷ್ಯ ಅಷ್ಟು ಸುಲಭಕ್ಕೆ ಒಪ್ಪುತ್ತಾನೆಯೇ? ಕೌದಿ ಒಣಗಿ ಬಂದ ಮೇಲೆ ಮತ್ತೆ ಸುತ್ತಿ ಆಡಿದರು, ಕಾರು ತೊಡರಿತು. ತೆಗೆದು ಆಡಿದರು, ಓಡಿತು. ಮರುದಿನ ಮತ್ತೆ ಸುತ್ತಿದರು. ಸುತ್ತಿದಾಗಲೂ ಕಾರು ಓಡಲಿ ದೇವರೇ, ತಪ್ಪು ಬೇರೆ ಯಾರದಾದರೂ ಆಗಲಿ ಎಂದು ಬೇಡಿಕೊಂಡರು. ದೇವರು ಇಂಥ ಬೇಡಿಕೆಗೆಲ್ಲ ಕಿವಿಗೊಡುವುದಿಲ್ಲ. ಕಾರು ಮತ್ತೆ ತೊಡರಿತು. ಬಸಂತರಾಯರು ಆಟ ನಿಲ್ಲಿಸಿ, ಕೌದಿ ಬಿಚ್ಚಿ ಟ್ರಂಕಿನ ಮೇಲಿಟ್ಟರು. ಆಟದ ಹುಚ್ಚು ಹಿಡಿದರೆ ಮನುಷ್ಯ ಸುಳ್ಳನಾಗುತ್ತಾನೆ, ಕಳ್ಳನಾಗುತ್ತಾನೆ ಎಂದು ತಾವೇ ಕೂಗಿದ್ದ ಮಾತು ನೆನಪಾಯಿತು. ಸುಳ್ಳ ತಾವಾದರು, ಕಳ್ಳ ಅಂತ ಅಳಿಯನ ಹೆಸರಿಗೆ ಬರೆದರು.

ಹೇಳಬೇಕು. ಆದರೆ ಕಾರ್ಡು ಒಳ್ಳೆಯದೆಂದು ಹೇಳಿದರೆ ಕೌದಿಯ ಮಾತು ಬರುತ್ತದೆ. ಕೌದಿ ಯಾಕೆ ಎಂದರೆ ಸಪ್ಪಳದ ಮಾತು, ಸಪ್ಪಳ ಯಾಕೆ ಎಂದರೆ ಆಟದ ಮಾತು. ಒಂದು ಎಳೆ ಎಳೆದರೆ ಇಡೀ ಧೋತರ ಬಿಚ್ಚುತ್ತದೆ. ಆಗ ಅವರಿಗೆ ಬನ್ನಿಯ ನೆನಪಾಯಿತು. ದಸರೆಯ ದಿನ ಬನ್ನಿ ಎಲೆ ಕೊಟ್ಟು "ಬಂಗಾರದಂಗ ಇರೋಣ" ಎಂದುಬಿಟ್ಟರೆ ಹಳೆಯ ಸಿಟ್ಟೆಲ್ಲ ಮುಗಿದಂತೆ. ಯಾರೂ ಯಾಕೆ ಏನು ಎಂದು ಕೇಳುವ ಹಾಗಿಲ್ಲ. ಹಿರಿಯರು ಎಂಥ ಒಳ್ಳೆಯ ಪದ್ಧತಿ ಮಾಡಿಟ್ಟಿದ್ದಾರೆ ಎಂದು ಬಸಂತರಾಯರಿಗೆ ಕಣ್ಣು ತುಂಬಿ ಬಂತು.

ದಸರೆಯ ಮರುದಿನ ಬನ್ನಿ ಕಟ್ಟಿಕೊಂಡು ಬಸವನ ಬಾಗೇವಾಡಿಗೆ ಹೊರಟರು. ರಾಜೇಶ್ವರಿ ಬಾಗಿಲವರೆಗೆ ಬಂದು, "ಆಕೀನ್ನ ಕರ್ಕೊಂಡ ಬರ್ರಿ. ಹೆಂಗರ ಮಾಡಿ ಕರ್ಕೊಂಡ ಬರ್ರಿ," ಎಂದಳು.

ಬೀಗರು ಶ್ರೀಶೈಲಪ್ಪನವರು ಪಡಸಾಲೆಯಲ್ಲಿ ಜಮಖಾನೆ ಹಾಸಿ ಕೂಡಿಸಿದರು. ನಗುಮುಖದ ಮನುಷ್ಯ, ನಡೆದದ್ದರ ಮಾತೇ ತೆಗೆಯಲಿಲ್ಲ. ಭಾಗ್ಯಜ್ಯೋತಿ ನೀರು ತಂದಿಟ್ಟು ಕಂಬಕ್ಕೆ ಒರಗಿ ನಿಂತಳು. ಸಂಗಮೇಶ ಒಳಗಿನಿಂದ ಬಂದು, ಮಾವ ಬನ್ನಿ ತೆಗೆಯುವ ಮೊದಲೇ ತಾನು ಬನ್ನಿ ಕೊಟ್ಟು ಕಾಲು ಮುಟ್ಟಿದ. "ಬಂಗಾರದಂಗ ಇರೋಣ್ರಿ ಮಾವಾರ," ಎಂದ.

ಮುಗಿಯಿತು. ಇಷ್ಟಕ್ಕೇ ಎದ್ದು ಬರಬಹುದಿತ್ತು. ಬಸಂತರಾಯರ ಎದೆಯಿಂದ ಕಲ್ಲು ಇಳಿದೇಬಿಟ್ಟಿತು. ಆಗ ಸಂಗಮೇಶ ಒಳಗೆ ಹೋಗಿ ಒಂದು ಡಬ್ಬಿ ತಂದು ಅವರ ಮುಂದಿಟ್ಟ. ಹೊಸ ಗ್ರಾಫಿಕ್ಸ್ ಕಾರ್ಡ್, ಒಡೆಯದ ಡಬ್ಬಿ.

"ನಿಮ್ಮ ಮಾತು ಖರೇನ ಇದ್ದೀತ್ರಿ," ಎಂದ. "ಕಣ್ಣ ಮುಚ್ಚಿ ತಂದಿದ್ದೆ. ಸೋಮನಿಂಗ ನನ್ನ ಕೂಡ ಕಲ್ತಾಂವ, ಮೋಸಾ ಮಾಡ್ಲಿಕ್ಕಿಲ್ಲ ಅಂತ ನಂಬಿದ್ದೆ. ಪಂಚಮಿ ಆದ ಮ್ಯಾಲೆ ಸೋಲಾಪುರಕ್ಕ ಹೋಗಿ, ಅವನ ಅಂಗಡ್ಯಾಗ ನಿಂತು, ಗಿರಾಕಿ ಮುಂದ ಕಳ್ಳ ಅಂದು ಬಂದೇನಿ. ಅಂವ ಒಂದ್ ಮಾತ ಎದುರಾಡ್ಲಿಲ್ರಿ. ಈ ಡಬ್ಬಿ ತಗದ ಕೊಟ್ಟ, ಇನ್ನ ಬರಬ್ಯಾಡ ಅಂದ. ನಾಳೆ ಬಂದು ಹಾಕಿ ಕೊಡ್ತೇನಿ."

ಬಸಂತರಾಯರು ಆ ಡಬ್ಬಿಯನ್ನು ನೋಡಿದರು. ಮುಟ್ಟಲು ಕೈ ಬರಲಿಲ್ಲ. ತಾವು ಆಡಿದ ಒಂದು ಮಾತು ತಮ್ಮ ಮನೆಯಿಂದ ಎದ್ದು, ಬಸ್ಸು ಹತ್ತಿ, ತಾವು ಕಾಣದ ಒಬ್ಬ ಮನುಷ್ಯನ ಅಂಗಡಿಗೆ ಹೋಗಿ ಅವನ ಮುಖಕ್ಕೆ ಬಡಿದಿತ್ತು. ಬನ್ನಿ ಎಲೆ ಇಲ್ಲಿಯವರೆಗೆ ಬಂತು, ಅಲ್ಲಿಯವರೆಗೆ ಹೋಗುವುದಿಲ್ಲ. ಸುಮ್ಮನೆ ಡಬ್ಬಿ ತಗೊಂಡರೆ ಅದು ನಿಜವಾದ ಕಳವು ಎಂದು ಅವರಿಗೆ ಅನಿಸಿತು.

"ಅಳಿಯಂದ್ರ, ಮೊದಲಿನ ಕಾರ್ಡ್ ಹೊಸಾದ ಐತ್ರಿ," ಎಂದರು. "ಕೆಟ್ಟಿದ್ದು ಅದಲ್ಲ."

"ಅಂದ್ರ?"

"ನಾ ಸೀರಿ ಚಿತ್ರಾ ನೋಡ್ತಿರ್ಲಿಲ್ಲ. ಕಾರಿನ ಆಟಾ ಆಡ್ತಿದ್ನಿ."

"ಯಾರು?" ಎಂದರು ಶ್ರೀಶೈಲಪ್ಪನವರು.

"ನಾನ ರೀ."

ಎಲ್ಲವನ್ನೂ ಹೇಳಿದರು. ಫ್ಯಾನಿನ ಸಪ್ಪಳ, ಕೌದಿ, ಅಳಿಯ ಬಂದಾಗ ಕೌದಿ ಬಚ್ಚಿಟ್ಟದ್ದು, ಆಟ ಅಳಿಸಿದ್ದು, ಬಂದೇನವಾಜನ ಅರ್ಧ ಮಾತನ್ನು ಮಾತ್ರ ಕಿವಿಗೆ ಹಾಕಿಕೊಂಡದ್ದು. ಹೇಳುತ್ತಿರುವಾಗ ನೆಲವನ್ನೇ ನೋಡುತ್ತಿದ್ದರು. ಕೌದಿಯ ಮಾತು ಬಂದಾಗ ಶ್ರೀಶೈಲಪ್ಪನವರಿಗೆ ತಡೆಯಲಾಗದೆ ಗೊಳ್ಳೆಂದು ನಗು ಬಂತು. ಬೇರೆ ಯಾರೂ ನಗದ್ದನ್ನು ಕಂಡು ಅವರೂ ನಿಲ್ಲಿಸಿ, ಎಲೆಡಿಕೆಯ ಚಂಚಿ ಹುಡುಕತೊಡಗಿದರು.

"ಅಂದ್ರ ಅಪ್ಪಾ," ಎಂದಳು ಭಾಗ್ಯಜ್ಯೋತಿ, "ನಿನ್ನ ಆಟಾ ಮುಚ್ಚಾಕ ಇವರ್ನ ಕಳ್ಳನ್ನ ಮಾಡಿದಿ."

"ಹೌದವಾ," ಎಂದರು. ಮಗಳ ಮುಂದೆ ಅಷ್ಟು ಸಣ್ಣವರಾದದ್ದು ಅವರಿಗೆ ನೆನಪಿರುವಂತೆ ಅದೇ ಮೊದಲು. ಆಟ ಗೊತ್ತಾಯಿತಲ್ಲ ಎಂಬ ನಾಚಿಕೆ, ಇಷ್ಟು ದಿನ ಹೆದರಿ ಹೆದರಿ ಕಾಪಾಡಿದ್ದು, ಇದರ ಮುಂದೆ ಏನೂ ಅಲ್ಲ ಎನಿಸಿತು.

ಸಂಗಮೇಶ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ. ಬೈದಿದ್ದರೆ ಬಸಂತರಾಯರಿಗೆ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. "ನನಗ ಅಂದದ್ದು ಇರ್ಲಿ ಬಿಡ್ರಿ. ನಾ ಸೋಮನಿಂಗಗ ಅಂದೇನಲ್ರೀ," ಎಂದ. "ಇದನ್ನ ತಿರುಗಿ ಕೊಡಾಕ ನಾಳೆ ಹೋಗ್ತೇನಿ. ನಾ ಒಬ್ನ ಹೇಳಿದ್ರ ಮತ್ತೊಂದು ಕಥಿ ಕಟ್ಯಾನ ಅಂದಾನು. ನೀವೂ ಬರ್ರಿ. ನನಗ ಹೇಳಿದಂಗ ಅವಗೂ ಹೇಳ್ರಿ."

ಬಸಂತರಾಯರು ಮಗಳ ಕಡೆ ನೋಡಿದರು. "ಹೋಗಿ ಬಾ," ಎಂದಳು ಆಕೆ. "ದೀಪಾವಳಿಗೆ ಬರೂದು ಆಮ್ಯಾಲೆ ನೋಡೂಣು."

ಮರುದಿನ ಬೆಳಿಗ್ಗೆ ಇಬ್ಬರೂ ಹೊರಟರು. ವಿಜಾಪುರದಲ್ಲಿ ಸೋಲಾಪುರದ ಬಸ್ಸು ಹಿಡಿದರು. ಮೂವರ ಸೀಟಿನಲ್ಲಿ ಸಂಗಮೇಶ ಕಿಟಕಿಗೆ ಕೂತ, ಡಬ್ಬಿ ತೊಡೆಯ ಮೇಲೆ. ಬಸಂತರಾಯರು ಪಕ್ಕದಲ್ಲಿ. ದಾರಿಯುದ್ದಕ್ಕೂ ಅವರು ಮನಸ್ಸಿನಲ್ಲೇ ಮೊದಲ ಮಾತನ್ನು ಕಟ್ಟುತ್ತಿದ್ದರು. ತಮ್ಮಾ ಎನ್ನಲೋ, ಸೋಮನಿಂಗಪ್ಪಾ ಎನ್ನಲೋ. ತಾವೇ ಹುಡುಗರ ಆಟ ಬಂದ್ ಮಾಡಿಸಿ, ತಾವೇ ಕದ್ದು ಆಡಿದ್ದನ್ನು ಎಲ್ಲಿಂದ ಶುರುಮಾಡಲಿ? ಎಲ್ಲಿಂದ ಶುರುಮಾಡಿದರೂ ಮಾತು ಕೌದಿಗೇ ಬಂದು ನಿಲ್ಲುತ್ತಿತ್ತು.

ಝಳಕಿಯಲ್ಲಿ ಬಸ್ಸು ನಿಂತಿತು. ಇಂಡಿಯಿಂದ ಬಂದು ಸೋಲಾಪುರಕ್ಕೆ ಹೋಗುವವರು ಅಲ್ಲಿ ಹತ್ತುತ್ತಾರೆ. ನೂಕಾಡಿಕೊಂಡು ಹತ್ತಿದವರಲ್ಲಿ ಮಾಳಿಂಗಪ್ಪ ಇದ್ದ. ಪಂಚಮಿಯ ಊಟದಲ್ಲಿ ಎಲ್ಲ ಕೇಳಿಸಿಕೊಂಡ ಅದೇ ಮಾಳಿಂಗಪ್ಪ. ಮಾವ ಅಳಿಯ ಜೊತೆಗಿರುವುದನ್ನು ಕಂಡು ಅವನಿಗೆ ಆಶ್ಚರ್ಯವಾಯಿತು. ಅದನ್ನು ನುಂಗಿಕೊಂಡು, "ಏನ್ ಸಾವ್ಕಾರ್ರ, ಮಾಲು ತರಾಕೇನ್ರಿ?" ಎಂದು ಕೇಳಿದ.

"ಹೂಂ" ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಆ ದಾರಿಯಲ್ಲಿ ಯಾರು ಕೇಳಿದ್ದರೂ ಮೂವತ್ತು ವರ್ಷದಿಂದ ಅವರು ಹೇಳಿದ್ದು ಅಷ್ಟೇ. ಸಂಗಮೇಶ ಕಿಟಕಿಯ ಹೊರಗೆ ನೋಡುತ್ತಿದ್ದ. ಆದರೆ ಅವನು ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಬಸಂತರಾಯರಿಗೆ ಗೊತ್ತಿತ್ತು.

"ಇಲ್ಲ ಮಾಳಿಂಗಪ್ಪ," ಎಂದರು. "ಒಬ್ಬರ ಕೈ ಮುಗಿದು ತಪ್ಪಾತು ಅನ್ನಾಕ ಹೊಂಟೇನಿ. ಅವತ್ತ ಊಟಕ್ಕ ಕುಂತಾಗ ನಾ ಅಳಿಯಂದ್ರಿಗೆ ಅಂದದ್ದು ಸುಳ್ಳು. ನಾ ಕದ್ದು ಕಂಪ್ಯೂಟರ್ನ್ಯಾಗ ಕಾರಿನ ಆಟಾ ಆಡ್ತಿದ್ನಿ, ನಮ್ಮವ್ವನ ಕೌದಿ ಸುತ್ತಿ ನಾನ ಅದನ್ನ ಕೆಡಿಸಿದ್ನಿ."

ಅಷ್ಟರಲ್ಲಿ ಬಸ್ಸು ಹೊರಟು ಎಂಜಿನ್ ಗುಡುಗುತ್ತಿತ್ತು. ಮಾಳಿಂಗಪ್ಪ ಕಂಬಿ ಹಿಡಿದು ಬಾಗಿ, ಕಿವಿಗೆ ಕೈ ಹಚ್ಚಿ, "ಕೇಳ್ಸಲಿಲ್ರಿ ಸಾವ್ಕಾರ್ರ, ಜರಾ ಜೋರಾಗಿ ಹೇಳ್ರಿ," ಎಂದ. ಮುಂದಿನ ಸೀಟಿನವರೂ ತಿರುಗಿ ನೋಡಿದರು.

ಸಂಗಮೇಶ ಡಬ್ಬಿಯನ್ನು ಎದೆಗೆ ಎತ್ತಿಕೊಂಡು ಕಿಟಕಿಯ ಕಡೆಗೆ ಇನ್ನಷ್ಟು ಸರಿದು, ಮಾಳಿಂಗಪ್ಪನಿಗೆ ಕೂರಲು ಜಾಗ ಮಾಡಿಕೊಟ್ಟ. ಬಸಂತರಾಯರು ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಮೊದಲಿನಿಂದ ಶುರುಮಾಡಿದರು.